ಅಪ್ಪನ ಜೊತೆ ಕಾಲುವೆ ದಾರಿಯಲ್ಲಿ: ಆಲ್ಪುಹಾರಾದಲ್ಲಿ ಆರು ದಿನ

ಮೊದಲ ದಿನ

ಗ್ರಾನಡಾದಿಂದ ಕಾಪಿಲೇಯ್ರಾಗೆ ಬಸ್ ಹತ್ತುವವರು ಬಲಗಡೆ ಕಿಟಕಿ ಹಿಡಿಯಬೇಕು. ಕಣಿವೆಯೆಲ್ಲ ಆ ಕಡೆಗೇ ಇದೆ. ನಾನು ಅಪ್ಪನನ್ನು ಅಲ್ಲಿ ಕೂರಿಸಿ ಪಕ್ಕದಲ್ಲಿ ಕೂತೆ. ಅಪ್ಪ ಮಧುಗಿರಿಯ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ನಾನು ಮ್ಯಾಡ್ರಿಡ್‌ನಲ್ಲಿ ಕೆಲಸಕ್ಕೆ ಸೇರಿ ನಾಲ್ಕು ವರ್ಷ. ಎರಡು ತಿಂಗಳು ಇರಲೆಂದು ಕರೆಸಿಕೊಂಡಿದ್ದೆ. ಊರು, ಅರಮನೆ, ಮ್ಯೂಸಿಯಂ ಎಲ್ಲ ತೋರಿಸಿದೆ. ಅಪ್ಪ ಎಲ್ಲವನ್ನೂ ಮರ್ಯಾದೆಯಿಂದ ನೋಡಿದರು, ಅಷ್ಟೇ. ಒಂದು ರಾತ್ರಿ ಊಟ ಮಾಡುತ್ತಾ ಕೇಳಿದರು: "ಇಲ್ಲಿ ಹಳ್ಳಿಗಳಿಲ್ವೇನಮ್ಮ?"

ಅದಕ್ಕೇ ಈ ಪ್ರವಾಸ. ಜೂನ್ ಕೊನೆಯ ವಾರ ಆರಿಸಿಕೊಂಡೆವು. ಸ್ಪೇನಿನ ದಕ್ಷಿಣದಲ್ಲಿ ಸಿಯೆರಾ ನೆವಾಡಾ ಎಂಬ ಬೆಟ್ಟಸಾಲಿದೆ. ಹೆಸರಿನ ಅರ್ಥವೇ ಹಿಮದ ಬೆಟ್ಟ. ಅದರ ದಕ್ಷಿಣ ಇಳಿಜಾರಿಗೆ ಆಲ್ಪುಹಾರಾ ಎನ್ನುತ್ತಾರೆ. ಒಂದು ಕಡೆ ಮೂರು ಸಾವಿರ ಮೀಟರ್ ದಾಟುವ ಶಿಖರಗಳು, ಇನ್ನೊಂದು ಕಡೆ ಮೆಡಿಟರೇನಿಯನ್ ಸಮುದ್ರ. ನಡುವೆ ಬೆಟ್ಟಕ್ಕೆ ಅಂಟಿಕೊಂಡಂಥ ಬಿಳಿ ಹಳ್ಳಿಗಳು.

ಬಸ್ ಮೊದಲು ಲಾಂಹರೋನ್ ಎಂಬ ಊರಿಗೆ ಬರುತ್ತದೆ. ಸ್ಪೇನಿನ ಅಂಗಡಿಗಳಲ್ಲೆಲ್ಲ ಈ ಊರಿನ ಹೆಸರಿನ ನೀರಿನ ಬಾಟಲಿ ಸಿಗುತ್ತದೆ. ಆಮೇಲೆ ಓರ್ಹಿವಾ, ಸುಮಾರು 450 ಮೀಟರ್ ಎತ್ತರದಲ್ಲಿ. ಕಿತ್ತಳೆ ಮತ್ತು ಆಲಿವ್ ತೋಟಗಳು, ಧಗೆ. ಅಲ್ಲಿಂದ ಶುರುವಾಗುವ ತಿರುವುಗಳಲ್ಲಿ ಬಸ್ ಸಾವಿರ ಮೀಟರ್ ಏರುತ್ತದೆ. ಕಾಪಿಲೇಯ್ರಾ ಇರುವುದು 1,436 ಮೀಟರಿನಲ್ಲಿ. ಇಳಿದ ಕೂಡಲೇ ಗಾಳಿ ತಣ್ಣಗಿತ್ತು. ಅಪ್ಪ ಮಫ್ಲರ್ ಹುಡುಕಿದರು.

ಚೀಲ ಇಟ್ಟು ಊರು ಸುತ್ತಲು ಹೊರಟೆವು. ಮಧ್ಯಾಹ್ನ ಎರಡರಿಂದ ಐದರವರೆಗೆ ಇಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ಬೀದಿಯಲ್ಲಿ ಜನ ಇರುವುದಿಲ್ಲ. ಆ ನಿಶ್ಶಬ್ದದಲ್ಲಿ ಅಪ್ಪ ನಡುಬೀದಿಯಲ್ಲಿ ನಿಂತುಬಿಟ್ಟರು.

"ನೀರಿನ ಸದ್ದು ಕೇಳಿಸ್ತಿದೆಯಾ?"

ಕೇಳಿಸುತ್ತಿತ್ತು. ಕಲ್ಲು ಹಾಸಿನ ಕೆಳಗೆ, ಗೋಡೆಯ ಪಕ್ಕ, ಎಲ್ಲೋ ಹಿತ್ತಲಲ್ಲಿ. ಇಡೀ ಊರಿನ ಕೆಳಗೆ ನೀರು ಹರಿಯುತ್ತಿತ್ತು. ನಾನು ಬರೀ ಬಿಳಿ ಗೋಡೆ, ಕೆಂಪು ಜೆರೇನಿಯಂ ಹೂವಿನ ಕುಂಡ ನೋಡುತ್ತಿದ್ದೆ. ನೀರನ್ನು ಗಮನಿಸಿದ್ದು ಅಪ್ಪ. ಅದಕ್ಕೆ ಕಾರಣ ಇದೆ, ಮೂರನೇ ದಿನದ ಕಥೆಯಲ್ಲಿ ಬರುತ್ತದೆ.

ಎರಡನೇ ದಿನ

ಪೊಕೇಯ್ರಾ ಎಂಬ ಕಮರಿಯ ಅಂಚಿನಲ್ಲಿ ಮೂರು ಹಳ್ಳಿಗಳು ಒಂದರ ಕೆಳಗೊಂದು ಕೂತಿವೆ. ಮೇಲೆ ಕಾಪಿಲೇಯ್ರಾ, ನಡುವೆ ಸುಮಾರು 1,300 ಮೀಟರಿನಲ್ಲಿ ಬುಬಿಯೋನ್, ಕೆಳಗೆ ಸುಮಾರು 1,060 ಮೀಟರಿನಲ್ಲಿ ಪಾಂಪನೇಯ್ರಾ. ಹೇಸರಗತ್ತೆಗಳು ಓಡಾಡುತ್ತಿದ್ದ ಹಳೆಯ ಕಾಲುದಾರಿ ಮೂರನ್ನೂ ಸೇರಿಸುತ್ತದೆ. ಮೊದಲ ನಡಿಗೆಗೆ ಇದೇ ಸರಿ. ಇಳಿಯುವುದಕ್ಕೆ ಒಂದೂವರೆ ಗಂಟೆ ಸಾಕು. ನಮಗೆ ನಾಲ್ಕು ಗಂಟೆ ಹಿಡಿಯಿತು, ಏಕೆಂದರೆ ಅಪ್ಪ ಪ್ರತಿ ಮನೆಯ ಮಾಳಿಗೆ ನೋಡುತ್ತಾ ನಡೆದರು.

ಇಲ್ಲಿ ಹೆಂಚಿನ ಮನೆ ತೀರಾ ಕಡಿಮೆ. ಎಲ್ಲ ಮಟ್ಟಸ ಮಾಳಿಗೆ. ಚೆಸ್ಟ್‌ನಟ್ ಮರದ ತೊಲೆ, ಅದರ ಮೇಲೆ ಚಪ್ಪಡಿ ಕಲ್ಲು, ಅದರ ಮೇಲೆ ಲೌನಾ ಎಂಬ ಬೂದು ಬಣ್ಣದ ಮಣ್ಣು. ಈ ಮಣ್ಣು ನೀರು ಬಿದ್ದರೆ ಬಿಗಿಯಾಗಿ ಕೂತು, ಒಳಗೆ ಹನಿ ಇಳಿಯಲು ಬಿಡುವುದಿಲ್ಲ. "ನಮ್ಮ ಮಣ್ಣಿನ ಮಾಳಿಗೆ ಮನೆ ಹಿಂಗೇ ಇತ್ತು. ಮೇಲೆ ಚೌಳು ಮಣ್ಣು ಹಾಕಿ ತುಳಿಯೋರು," ಅಂದರು ಅಪ್ಪ. ಒಂದು ಮನೆಯ ಮಾಳಿಗೆ ಇನ್ನೊಂದು ಮನೆಯ ಅಂಗಳದಂತೆ ಕಾಣುತ್ತದೆ. ಕೆಲವು ಕಡೆ ಬೀದಿಯ ಮೇಲೇ ಕೋಣೆ ಕಟ್ಟಿದ್ದಾರೆ. ಆ ನೆರಳಿನ ಹಾದಿಗೆ ತಿನಾವೋ ಅಂತ ಹೆಸರು. ಬಿಸಿಲಿನಿಂದ ಅದರೊಳಗೆ ಕಾಲಿಟ್ಟರೆ ಬಾವಿಕಟ್ಟೆಯ ತಂಪು. ಹೊಗೆಗೂಡುಗಳಿಗೆ ಟೋಪಿ ಹಾಕಿದಂತೆ ಕಲ್ಲಿನ ಮುಚ್ಚಳ. ಸಮುದ್ರದ ಆಚೆ ಮೊರಾಕೊದ ಅಟ್ಲಾಸ್ ಬೆಟ್ಟಗಳ ಹಳ್ಳಿಗಳಲ್ಲೂ ಇಂಥದೇ ಮಟ್ಟಸ ಮಾಳಿಗೆಯ ಮನೆಗಳಿವೆ. ಅಲ್ಲಿಂದ ಬಂದವರ ಕೈ ಇಲ್ಲಿ ಕೆಲಸ ಮಾಡಿದೆ.

ಆ ಕೈಗಳ ಕಥೆ ನೋವಿನದು. 1492ರಲ್ಲಿ ಗ್ರಾನಡಾದ ಮುಸ್ಲಿಂ ರಾಜ್ಯ ಬಿದ್ದ ಮೇಲೂ ಈ ಬೆಟ್ಟಗಳಲ್ಲಿ ಅವರ ಮಕ್ಕಳು ಮೊಮ್ಮಕ್ಕಳು ಬೇಸಾಯ ಮಾಡಿಕೊಂಡಿದ್ದರು. ಹಿಪ್ಪುನೇರಳೆ ಬೆಳೆದು ರೇಷ್ಮೆ ತೆಗೆಯುತ್ತಿದ್ದರು. ಮೊದಲು ಮತಾಂತರ ಮಾಡಿಸಿದರು, ಆಮೇಲೆ ಅವರ ಭಾಷೆ, ಉಡುಪು, ಪದ್ಧತಿ ಎಲ್ಲದಕ್ಕೂ ನಿಷೇಧ ಬಂತು. 1568ರ ಕ್ರಿಸ್ಮಸ್ ಹೊತ್ತಿಗೆ ದಂಗೆ ಎದ್ದಿತು. 1571ಕ್ಕೆ ಅದು ಮುಗಿದಾಗ ಈ ಜನರನ್ನು ಊರು ಬಿಡಿಸಿ ಸ್ಪೇನಿನ ಬೇರೆ ಕಡೆಗಳಿಗೆ ಅಟ್ಟಿದರು. ಖಾಲಿ ಮನೆಗಳಿಗೆ ದೂರದೂರದಿಂದ ಕ್ರೈಸ್ತ ಕುಟುಂಬಗಳನ್ನು ತಂದು ಕೂರಿಸಿದರು. ಹೊಸಬರಿಗೆ ಈ ಬೆಟ್ಟದ ನೀರು ಹೇಗೆ ಓಡುತ್ತದೆ ಅಂತ ಗೊತ್ತಿರಲಿಲ್ಲ. ಅದನ್ನು ಕಲಿಸಲು ಊರಿಗೆ ಎರಡು ಹಳೆಯ ಕುಟುಂಬಗಳನ್ನು ಉಳಿಸಿಕೊಂಡರು ಎಂದು ಇಲ್ಲಿನವರು ಹೇಳುತ್ತಾರೆ.

ಬುಬಿಯೋನ್‌ನ ಚರ್ಚಿನ ಕಟ್ಟೆಯ ಮೇಲೆ ಕೂತು ನಾನು ಇದನ್ನು ಹೇಳಿದಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಓಡಿಸೋರಿಗೂ ನೀರಿನ ಲೆಕ್ಕ ಬೇಕಾಯ್ತು, ಅಲ್ವಾ," ಅಂದರು.

ಪಾಂಪನೇಯ್ರಾದಲ್ಲಿ ಅಂಗಡಿ ಜಾಸ್ತಿ. ಹರಿದ ಬಟ್ಟೆಯ ಪಟ್ಟಿಗಳಿಂದ ಮಗ್ಗದಲ್ಲಿ ನೇಯ್ದ ಹಾರಾಪಾ ಎಂಬ ಜಮಖಾನೆಗಳನ್ನು ಗೋಡೆಗೆ ನೇತುಹಾಕಿರುತ್ತಾರೆ. ಬೀದಿಯ ನಡುವೆಯೇ ಸಣ್ಣ ಕಾಲುವೆ ಓಡುತ್ತದೆ, ಮಕ್ಕಳು ಅದರಲ್ಲಿ ಎಲೆ ಬಿಟ್ಟು ಹಿಂದೆ ಓಡುತ್ತವೆ. ಒಂದು ನಲ್ಲಿಯ ನೀರು ಕುಡಿದ ಮದುವೆಯಾಗದವರಿಗೆ ಬೇಗ ಸಂಬಂಧ ಕೂಡಿಬರುತ್ತದಂತೆ. ಅಪ್ಪ ನನ್ನ ಬಾಟಲಿಯನ್ನು ತಾವೇ ತುಂಬಿಸಿ ಕೊಟ್ಟರು.

ಊಟಕ್ಕೆ ಮಿಗಾಸ್ ತಂದಿಟ್ಟರು. ಈ ಕಡೆ ಅದನ್ನು ರವೆಯಲ್ಲಿ ಮಾಡುತ್ತಾರೆ. ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿ ಹುರಿದು, ನೀರು ಹಾಕಿ, ರವೆ ಸುರಿದು, ಉದುರುದುರಾಗುವ ತನಕ ಬಾಣಲೆಯಲ್ಲಿ ಕೆದಕುತ್ತಲೇ ಇರಬೇಕು. ಪಕ್ಕದಲ್ಲಿ ಹುರಿದ ಮೆಣಸಿನಕಾಯಿ, ಒಂದಿಷ್ಟು ದ್ರಾಕ್ಷಿ. ಅಪ್ಪ ಒಂದು ತುತ್ತು ತಿಂದು ತಲೆಯೆತ್ತಿದರು. "ಉಪ್ಪಿಟ್ಟು." ಮೂರು ವಾರಗಳಲ್ಲಿ ಅವರು ತಟ್ಟೆ ಖಾಲಿ ಮಾಡಿದ್ದು ಅವತ್ತೇ. ಹತ್ತುವಾಗ ಬಸ್ ಹಿಡಿದೆವು.

ಮೂರನೇ ದಿನ

ಬೆಳಗ್ಗೆ ಏಳಕ್ಕೆ ಹೊರಟೆವು. ಜೂನ್ ಕೊನೆಯಲ್ಲಿ ಇಲ್ಲಿ ಕತ್ತಲಾಗುವುದು ರಾತ್ರಿ ಹತ್ತರ ಸುಮಾರಿಗೆ, ಆದ್ದರಿಂದ ಬೆಳಕಿಗೆ ಅವಸರ ಇಲ್ಲ. ಆದರೆ ಹನ್ನೆರಡರ ಮೇಲೆ ಬಿಸಿಲು ಸುಡುತ್ತದೆ. ಕಾಪಿಲೇಯ್ರಾದ ಮೇಲ್ತುದಿಯಿಂದ ಕಮರಿಯ ಪಕ್ಕದಲ್ಲಿ ಒಳಕ್ಕೆ ಹೋಗುವ ದಾರಿ ಹಿಡಿದೆವು. ನದಿಯ ಮೂಲದ ಕಡೆ ಲಾ ಸೆಬಾದಿಯಾ ಎಂಬ ಪುಟ್ಟ ವಸತಿ ಇದೆ. ವಿದ್ಯುತ್ ಕೇಂದ್ರದ ಕೆಲಸಗಾರರಿಗೆಂದು ಕಟ್ಟಿದ್ದು, ಈಗ ಖಾಲಿ. ಅಲ್ಲಿಯವರೆಗೆ ಹೋಗಿ ಬರುವ ಯೋಚನೆ.

ಕಾಲುದಾರಿಗಳಿಗೆ ಬಣ್ಣದ ಗೆರೆಗಳ ಗುರುತಿದೆ. ಬಿಳಿ ಮತ್ತು ಹಳದಿ ಇದ್ದರೆ ಊರ ಸುತ್ತಿನ ಚಿಕ್ಕ ದಾರಿ. ಬಿಳಿ ಮತ್ತು ಕೆಂಪು ಇದ್ದರೆ ಬಹುದೂರದ ದಾರಿ. ಜಿಆರ್ 7 ಎಂಬ ಅಂಥದೊಂದು ದಾರಿ ಸ್ಪೇನಿನ ದಕ್ಷಿಣ ತುದಿಯ ತರೀಫಾದಿಂದ ಹೊರಟು ಈ ಹಳ್ಳಿಗಳನ್ನು ಹಾದು ಉತ್ತರಕ್ಕೆ ಆಂಡೋರಾದ ಕಡೆ ಹೋಗುತ್ತದೆ. ಎರಡು ಗೆರೆ ಅಡ್ಡಡ್ಡ ಕತ್ತರಿಯಂತೆ ಹಾಕಿದ್ದರೆ ಆ ಕಡೆ ಹೋಗಬೇಡಿ ಅಂತ.

ಮೊದಲ ಒಂದು ಗಂಟೆ ಚೆನ್ನಾಗಿತ್ತು. ಎಡಗಡೆ ಆಳದಲ್ಲಿ ನದಿಯ ಸದ್ದು, ಎದುರಿಗೆ ಹಿಮದ ನಾಲ್ಕೈದು ಪಟ್ಟೆ ಉಳಿದ ಶಿಖರಗಳು. ಇಳಿಜಾರಿನ ತುಂಬ ಕಲ್ಲು ಕಟ್ಟಿ ಮಾಡಿದ ಮೆಟ್ಟಿಲು ಹೊಲಗಳು. ಈ ಕಲ್ಲುಕಟ್ಟಡಕ್ಕೆ ಬಲಾತೆ ಎನ್ನುತ್ತಾರೆ, ಗಾರೆ ಹಾಕುವುದಿಲ್ಲ. ಒಂದು ದಿಣ್ಣೆಯ ಮೇಲೆ ದುಂಡಗೆ ಚಪ್ಪಡಿ ಹಾಸಿದ ಜಾಗ ಸಿಕ್ಕಿತು. ನಾನು ಬೋರ್ಡ್ ಹುಡುಕುತ್ತಿದ್ದೆ. ಅಪ್ಪ ಚಪ್ಪಲಿ ಬಿಡುವವರಂತೆ ಶೂ ಬಿಚ್ಚಿ ಅದರ ಮೇಲೆ ನಿಂತರು. "ಕಣ ಕಣಮ್ಮ ಇದು. ಗಾಳಿ ಬೀಸೋ ಕಡೆ ನೋಡಿ ಮಾಡಿದಾರೆ." ನಿಜ. ಇಲ್ಲಿ ಅದಕ್ಕೆ ಏರಾ ಅಂತಾರೆ. ಗೋಧಿ, ಬಾರ್ಲಿ, ರೈ ಒಕ್ಕುತ್ತಿದ್ದ ಕಣ. ಕಲ್ಲುಗಳ ಸಂದಿಯಲ್ಲಿ ಈಗ ಹುಲ್ಲು.

ಆಮೇಲೆ ನಾನು ತಪ್ಪು ಮಾಡಿದೆ. ಎರಡು ದಾರಿ ಒಡೆಯುವ ಕಡೆ ಗುರುತು ನೋಡದೆ ಮೇಲಿನದನ್ನು ಹಿಡಿದೆ. ಅದು ಮೇಕೆ ಓಡಾಡಿದ ಜಾಡು. ಅರ್ಧ ಗಂಟೆಯ ಮೇಲೆ ಕುಸಿದ ಬಲಾತೆಯ ಹತ್ತಿರ ಮುಗಿದುಹೋಯಿತು. ಕೆಳಗೆ ಸಡಿಲ ಕಲ್ಲು, ಮುಳ್ಳಿನ ಪೊದೆ. ಅರವತ್ತಾರರ ಅಪ್ಪನನ್ನು ಇಲ್ಲಿಗೆ ಕರೆತಂದೆನಲ್ಲ ಅಂತ ಕೈ ನಡುಗಿತು. ಅಪ್ಪ ಸಮಾಧಾನದಿಂದ ಸುತ್ತ ನೋಡಿ, ಕಂದು ಬಣ್ಣದ ಇಳಿಜಾರಿನಲ್ಲಿ ಅಡ್ಡಕ್ಕೆ ಎಳೆದ ಹಸಿರು ಗೆರೆಯೊಂದನ್ನು ತೋರಿಸಿದರು. "ಅದು ಕಾಲುವೆ. ಕಾಲುವೆ ಪಕ್ಕ ಓಡಾಡೋಕೆ ಜಾಗ ಇದ್ದೇ ಇರುತ್ತೆ. ಇಲ್ದಿದ್ರೆ ಹೂಳು ತೆಗೆಯೋದು ಹೆಂಗೆ?"

ಬಂದ ದಾರಿಯಲ್ಲೇ ಹಿಂದಿರುಗಿ ಆ ಹಸಿರು ಗೆರೆಗೆ ಇಳಿದೆವು. ಅವರು ಹೇಳಿದಂತೆಯೇ ಇತ್ತು. ಎರಡು ಅಡಿ ಅಗಲದ ಮಣ್ಣಿನ ಕಾಲುವೆ, ಅದರ ಏರಿಯ ಮೇಲೆ ಒಬ್ಬರು ನಡೆಯುವಷ್ಟು ದಾರಿ. ಬೆಟ್ಟದ ಮೈಯನ್ನು ಅನುಸರಿಸಿ ಬಾಗುತ್ತಾ ಹೋಗುತ್ತದೆ. ಏರಿಲ್ಲ, ಇಳಿವಿಲ್ಲ, ಮಂಡಿಗೆ ನೋವಿಲ್ಲ. ಪಕ್ಕದಲ್ಲಿ ಚೆಸ್ಟ್‌ನಟ್, ವಾಲ್‌ನಟ್ ಮರಗಳ ನೆರಳು. ಇದಕ್ಕೆ ಇಲ್ಲಿನ ಹೆಸರು ಅಸೇಕಿಯಾ. ಅರಬ್ಬಿಯ ಸಾಖಿಯಾ ಎಂಬ ಮಾತಿನಿಂದ ಬಂದದ್ದು. ಆ ಜನರನ್ನು ಓಡಿಸಿ ನಾನೂರೈವತ್ತು ವರ್ಷವಾಗಿದೆ. ಅವರ ಮಾತಿನಲ್ಲೇ ಇಂದಿಗೂ ನೀರು ಹರಿಯುತ್ತಿದೆ.

ಒಂದು ತಿರುವಿನಲ್ಲಿ ಎಂಬತ್ತರ ಹತ್ತಿರದ ಅಜ್ಜ ಒಬ್ಬರು ಗುದ್ದಲಿ ಹಿಡಿದು ಆಲೂಗಡ್ಡೆ ಮಡಿಗಳಿಗೆ ನೀರು ಕಟ್ಟುತ್ತಿದ್ದರು. ಚಪ್ಪಡಿಯೊಂದನ್ನು ಎತ್ತಿ, ಹುಲ್ಲುಹೆಂಟೆಯಿಂದ ಬಾಯಿ ಮುಚ್ಚಿ, ಕಾಲುವೆಯ ನೀರನ್ನು ತಮ್ಮ ಹೊಲಕ್ಕೆ ತಿರುಗಿಸಿದರು. ಅಪ್ಪ ನಿಂತು ನೋಡಿದರು. ಒಂದು ಮಡಿ ತುಂಬಿ ಬದು ಜಿನುಗಲು ಶುರುವಾಯಿತು, ಅಜ್ಜ ಇನ್ನೊಂದು ತುದಿಯಲ್ಲಿದ್ದರು. ಅಪ್ಪ ಮಾತಿಲ್ಲದೆ ಬಗ್ಗಿ ಒಂದು ಹೆಂಟೆ ಕಿತ್ತು ಬದುವಿಗೆ ಮೆತ್ತಿ ಹಿಮ್ಮಡಿಯಿಂದ ತುಳಿದರು. ಅಜ್ಜ ತಿರುಗಿ ನೋಡಿ ನಕ್ಕರು.

ಆಮೇಲೆ ಒಂದು ಗಂಟೆ ಕಳೆದದ್ದೇ ಗೊತ್ತಾಗಲಿಲ್ಲ. ಅಜ್ಜ ಸ್ಪಾನಿಷ್‌ನಲ್ಲಿ, ಅಪ್ಪ ಕನ್ನಡದಲ್ಲಿ, ನಾನು ನಡುವೆ. ಇಲ್ಲಿ ಪ್ರತಿ ಹೊಲಕ್ಕೂ ನೀರಿನ ಸರದಿ ಇದೆ. ಯಾರ ಸರದಿ ಯಾವ ಗಂಟೆಗೆ ಅಂತ ನೋಡಿಕೊಳ್ಳಲು, ಕಾಲುವೆ ಕಾಯಲು ಒಬ್ಬ ಆಸಾಮಿ ಇರುತ್ತಾನೆ, ಅಸೆಕೇರೋ. ರೈತರೆಲ್ಲ ಸೇರಿ ಅವನಿಗೆ ಕೂಲಿ ಕೊಡುತ್ತಾರೆ. ವಸಂತದಲ್ಲಿ ಎಲ್ಲರೂ ಕೂಡಿ ಹೂಳು ತೆಗೆಯಬೇಕು. ನಾನು ಇಷ್ಟು ಅನುವಾದ ಮಾಡುವಷ್ಟರಲ್ಲಿ ಅಪ್ಪನ ಮುಖ ಅರಳಿತ್ತು.

"ನಮ್ಮಪ್ಪ ನೀರುಗಂಟಿ ಅಂತ ಹೇಳು ಇವರಿಗೆ."

ಹೇಳಿದೆ. ನನ್ನ ತಾತ ನಮ್ಮೂರ ಕೆರೆಯ ನೀರುಗಂಟಿ. ತೂಬು ಎತ್ತುವುದು, ಮುಚ್ಚುವುದು, ಅಚ್ಚುಕಟ್ಟಿನ ಕೊನೆಯ ಗದ್ದೆಗೂ ನೀರು ಮುಟ್ಟಿಸುವುದು ಅವರ ಕೆಲಸ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವರಿಗೆ ಇಷ್ಟು ಅಂತ ಕಾಳು ಬರುತ್ತಿತ್ತು. ಅಪ್ಪ ಚಿಕ್ಕವರಿದ್ದಾಗ ರಾತ್ರಿ ಲಾಟೀನು ಹಿಡಿದು ತಾತನ ಹಿಂದೆ ಕಾಲುವೆ ಏರಿಯ ಮೇಲೆ ನಡೆದವರು. ಅಜ್ಜ ಇದನ್ನು ಕೇಳಿ ಗುದ್ದಲಿಯನ್ನು ಅಪ್ಪನ ಕೈಗೆ ಕೊಟ್ಟರು. ಕೊನೆಯ ಎರಡು ಮಡಿಗೆ ನೀರು ಕಟ್ಟಿದ್ದು ಅಪ್ಪ.

ಅವತ್ತು ಲಾ ಸೆಬಾದಿಯಾ ಮುಟ್ಟಿದ್ದು ಮಧ್ಯಾಹ್ನಕ್ಕೆ. ಬಾಗಿಲಿಲ್ಲದ ಮನೆಗಳು, ಕೆಳಗೆ ನದಿ. ಕಾಲು ನೆನೆಸಿಕೊಂಡು ಬ್ರೆಡ್ಡು, ಚೀಸ್ ತಿಂದು, ನೆರಳು ಇಳಿದ ಮೇಲೆ ಹಿಂದಿರುಗಿದೆವು. ಚೀಲದಲ್ಲಿ ಅಜ್ಜ ಕೊಟ್ಟ ಚೆರಿ ಹಣ್ಣು ತುಂಬ ಇತ್ತು. ಒಂದು ಮಾತು: ಊರೊಳಗಿನ ನಲ್ಲಿಗಳ ನೀರು ಕುಡಿಯಬಹುದು, ಕಾಲುವೆ ನೀರು ಕುಡಿಯಬಾರದು. ಮೇಲೆ ದನ, ಕುರಿ ಮೇಯುತ್ತವೆ.

ನಾಲ್ಕನೇ ದಿನ

ಕಾಪಿಲೇಯ್ರಾದಿಂದ ನೋಡಿದರೆ ಕಮರಿಯ ಆಚೆ ದಡದಲ್ಲಿ, ತುಂಬ ಎತ್ತರದಲ್ಲಿ, ಬಣ್ಣದ ಬಾವುಟಗಳಿರುವ ಒಂದು ಜಾಗವಿದೆ. ಓಸೆಲ್ ಲಿಂಗ್ ಎಂಬ ಟಿಬೆಟಿಯನ್ ಬೌದ್ಧ ಧ್ಯಾನ ಕೇಂದ್ರ. ಲಾಮಾ ಯೇಶೆ ಅವರ ಪ್ರೇರಣೆಯಿಂದ 1980ರಲ್ಲಿ ಶುರುವಾಯಿತು. 1982ರಲ್ಲಿ ದಲೈ ಲಾಮಾ ಇಲ್ಲಿಗೆ ಬಂದು ಈ ಹೆಸರು ಕೊಟ್ಟರು. ತಿಳಿಬೆಳಕಿನ ತಾಣ ಎಂದು ಅರ್ಥ.

ಟ್ಯಾಕ್ಸಿಯಲ್ಲಿ ರಸ್ತೆಯ ಕವಲಿನವರೆಗೆ ಹೋಗಿ ಅಲ್ಲಿಂದ ಮಣ್ಣಿನ ದಾರಿಯಲ್ಲಿ ಎರಡು ಗಂಟೆ ಏರಿದೆವು. ನೆರಳು ಕಡಿಮೆ, ಟೋಪಿ ಬೇಕೇ ಬೇಕು. ಹೊರಗಿನವರಿಗೆ ದಿನದಲ್ಲಿ ಕೆಲವು ಗಂಟೆ ಮಾತ್ರ ಪ್ರವೇಶ, ಮೊದಲೇ ಕೇಳಿಕೊಂಡು ಹೋಗಬೇಕು. ಒಂದು ಸ್ತೂಪ, ಪ್ರಾರ್ಥನಾ ಚಕ್ರ, ಅಲ್ಲಲ್ಲಿ ಒಬ್ಬೊಬ್ಬರೇ ಕೂತು ಧ್ಯಾನ ಮಾಡುವ ಸಣ್ಣ ಮನೆಗಳು. ಎದುರಿಗೆ ನಾವು ನಡೆದ ಮೂರು ಹಳ್ಳಿಗಳು ಸುಣ್ಣ ಚೆಲ್ಲಿದಂತೆ ಕಾಣುತ್ತವೆ.

ಸ್ತೂಪದ ಹತ್ತಿರ ಗುಡಿಸುತ್ತಿದ್ದ ಮಹಿಳೆ ನಾವು ಯಾವ ಕಡೆಯವರು ಅಂತ ಕೇಳಿದರು. ಕರ್ನಾಟಕ ಅಂದೆ. "ಬೈಲುಕುಪ್ಪೆ!" ಅಂದರು ತಕ್ಷಣ. ಈ ಬೆಟ್ಟದ ತುದಿಯಲ್ಲಿ ಆ ಹೆಸರು ಕೇಳಿ ನಮಗಿಬ್ಬರಿಗೂ ಮೈ ಜುಮ್ಮೆಂದಿತು. ವಿಷಯ ಹೀಗಿದೆ. ಲಾಮಾ ಯೇಶೆ 1984ರಲ್ಲಿ ತೀರಿಕೊಂಡರು. ಮರುವರ್ಷ ಈ ಕೇಂದ್ರ ಕಟ್ಟಲು ದುಡಿದ ಬುಬಿಯೋನ್‌ನ ಒಂದು ದಂಪತಿಗೆ ಗಂಡು ಮಗು ಹುಟ್ಟಿತು. ಅವನೇ ಲಾಮಾ ಯೇಶೆಯ ಪುನರ್ಜನ್ಮ ಎಂದು ದಲೈ ಲಾಮಾ ಗುರುತಿಸಿದರು. ಓಸೆಲ್ ಹಿಟಾ ಎಂಬ ಆ ಹುಡುಗ ಬೆಳೆದು ಓದಿದ್ದು ಬೈಲುಕುಪ್ಪೆಯ ಸೆರಾ ಮಠದಲ್ಲಿ. ದೊಡ್ಡವನಾದ ಮೇಲೆ ಮಠ ಬಿಟ್ಟು ಸಾಮಾನ್ಯ ಬದುಕಿಗೆ ಮರಳಿದ.

ಅಪ್ಪ ಆ ಹುಡುಗನ ಬಗ್ಗೆಯೇ ಯೋಚಿಸುತ್ತಾ ಇಳಿದರು. "ಪಾಪ, ಈ ಹಿಮದ ಬೆಟ್ಟದಿಂದ ಪಿರಿಯಾಪಟ್ಟಣದ ಬಿಸಿಲಿಗೆ ಬಂದಾಗ ಎಷ್ಟು ಚಿಕ್ಕವನಿದ್ದನೋ." ಅವರು ಮೇಷ್ಟ್ರು, ಹಾಸ್ಟೆಲಿಗೆ ಬಂದು ರಾತ್ರಿ ಅಳುವ ಮಕ್ಕಳನ್ನು ನೋಡಿದವರು.

ಐದನೇ ದಿನ

ಬೇಸಿಗೆಯಲ್ಲಿ ರಾಷ್ಟ್ರೀಯ ಉದ್ಯಾನದವರ ಮಿನಿಬಸ್ ಕಾಪಿಲೇಯ್ರಾದಿಂದ ಸುಮಾರು 2,700 ಮೀಟರ್ ಎತ್ತರದವರೆಗೆ ಹೋಗುತ್ತದೆ. ಖಾಸಗಿ ಕಾರುಗಳನ್ನು ಅಷ್ಟು ಮೇಲೆ ಬಿಡುವುದಿಲ್ಲ. ಸೀಟು ಮೊದಲೇ ಕಾಯ್ದಿರಿಸಬೇಕು. ಅಲ್ಲಿಂದ ಮುಲಾಸೆನ್ ಶಿಖರಕ್ಕೆ ಇನ್ನೂ ಏಳೆಂಟು ನೂರು ಮೀಟರ್ ಏರು. 3,479 ಮೀಟರ್, ಐಬೀರಿಯಾ ಪರ್ಯಾಯ ದ್ವೀಪದ ಅತಿ ಎತ್ತರದ ತುದಿ. ಗ್ರಾನಡಾದ ಸುಲ್ತಾನ ಮುಲೇ ಹಾಸೆನ್‌ನನ್ನು ಅಲ್ಲಿ ಹೂಳಿದ್ದಾರೆ ಎಂಬ ಕಥೆಯಿಂದ ಆ ಹೆಸರು. ನಾವು ಶಿಖರಕ್ಕೆ ಹೋಗಲಿಲ್ಲ. ಒಂದು ಗಂಟೆ ನಡೆಯುವಷ್ಟರಲ್ಲಿ ಅಪ್ಪನಿಗೆ ಉಸಿರು ಹಿಡಿಯಿತು. ಕೂತೆವು. ಮುಳ್ಳುಹಂದಿಯಂತೆ ನೆಲಕ್ಕೆ ಅಂಟಿದ ಗಿಡಗಳು, ತೆಳ್ಳನೆಯ ಕಲ್ಲುಚೂರು, ದೂರದಲ್ಲಿ ಬಾಗಿದ ಕೊಂಬಿನ ಕಾಡುಮೇಕೆಗಳ ಹಿಂಡು. ತುಂಬ ತಿಳಿಯಾದ ದಿನ ತುದಿಯಿಂದ ಆಫ್ರಿಕಾ ಕಾಣುತ್ತದಂತೆ.

ನಾನು ಮೇಲೆ ನೋಡುತ್ತಿದ್ದರೆ ಅಪ್ಪ ಕೆಳಗೆ ನೋಡುತ್ತಿದ್ದರು. ಆ ಬೋಳು ಇಳಿಜಾರಿನಲ್ಲೂ ಕಾಲುವೆಯ ಹಸಿರು ಗೆರೆಗಳಿದ್ದವು. "ಇಲ್ಲಿ ಹೊಲವೇ ಇಲ್ಲ. ಕಾಲುವೆ ಯಾಕೆ?"

ಉತ್ತರವನ್ನು ಆಲೂಗಡ್ಡೆ ಹೊಲದ ಅಜ್ಜ ಹೇಳಿದ್ದರು, ನನಗೆ ಆಗ ಅರ್ಥವಾಗಿರಲಿಲ್ಲ. ಎರಡು ಥರದ ಅಸೇಕಿಯಾಗಳಿವೆ. ಕೆಳಗಿನವು ಹೊಲಕ್ಕೆ ನೀರುಣಿಸುತ್ತವೆ. ಮೇಲಿನವಕ್ಕೆ ಕರೇಯೋ ಅಂತ ಹೆಸರು. ಹಿಮ ಕರಗುವ ದಿನಗಳಲ್ಲಿ ಹಳ್ಳದ ನೀರು ಒಂದೇ ಸಲ ಧುಮುಕಿ ಸಮುದ್ರ ಸೇರಿಬಿಡುತ್ತದೆ. ಹಾಗಾಗದಂತೆ ಅದನ್ನು ಈ ಕಾಲುವೆಗಳಿಂದ ಬೆಟ್ಟದ ಪಕ್ಕೆಗೆ ತಿರುಗಿಸಿ, ನೆಲ ನೀರು ಕುಡಿಯುವಂಥ ಕಡೆ ಸುಮ್ನೆ ಬಿಟ್ಟುಬಿಡುತ್ತಾರೆ. ನೀರು ಇಂಗುತ್ತದೆ. ಕಲ್ಲಿನ ಬಿರುಕುಗಳಲ್ಲಿ ನಿಧಾನವಾಗಿ ಇಳಿದು, ವಾರಗಳೋ ತಿಂಗಳುಗಳೋ ಆದ ಮೇಲೆ, ಬೇಸಿಗೆಯ ಹೊತ್ತಿಗೆ ಕೆಳಗಿನ ಊರುಗಳ ಊಟೆಗಳಲ್ಲಿ ಹೊರಬರುತ್ತದೆ. ಇದಕ್ಕೆ ಇಲ್ಲಿನವರು ನೀರು ಬಿತ್ತುವುದು ಅನ್ನುತ್ತಾರೆ.

ಇಪ್ಪತ್ತನೇ ಶತಮಾನದಲ್ಲಿ ಜನ ಊರು ಬಿಟ್ಟು ಪಟ್ಟಣ ಸೇರಿದಾಗ ಎಷ್ಟೋ ಕಾಲುವೆಗಳು ಪಾಳುಬಿದ್ದವು. ಕೆಲವು ಕಡೆ ನೀರು ಉಳಿಸಲೆಂದು ಸಿಮೆಂಟು, ಪೈಪು ಹಾಕಿದರು. ಆದರೆ ಮಣ್ಣಿನ ಕಾಲುವೆಯಿಂದ ಸೋರುವ ನೀರು ನಷ್ಟ ಅಲ್ಲ. ಚೆಸ್ಟ್‌ನಟ್ ಮರಗಳು ಬದುಕಿದ್ದೇ ಆ ಸೋರಿಕೆಯಿಂದ. 2014ರಿಂದ ಗ್ರಾನಡಾ ವಿಶ್ವವಿದ್ಯಾಲಯದವರು ರೈತರನ್ನೂ ಸ್ವಯಂಸೇವಕರನ್ನೂ ಸೇರಿಸಿ ಪಾಳುಬಿದ್ದ ಅಸೇಕಿಯಾಗಳ ಹೂಳು ತೆಗೆದು ಮತ್ತೆ ನೀರು ಹರಿಸುತ್ತಿದ್ದಾರೆ. ಯಂತ್ರ ಹೋಗದ ಕಡೆ ಗುದ್ದಲಿಯಲ್ಲೇ ಕೆಲಸ. ಇದನ್ನು ಓದಿದಾಗ ನನಗಾದ ಸಂತೋಷ ಯಾವ ಶಿಖರ ಹತ್ತಿದ್ದರೂ ಆಗುತ್ತಿರಲಿಲ್ಲ.

ಆರನೇ ದಿನ

ಕೊನೆಯ ನಡಿಗೆ ಪೂರ್ವದ ಪಕ್ಕದ ಕಣಿವೆಯಲ್ಲಿ. ಲಾ ತಾಆ ಅಂತ ಅದರ ಹೆಸರು, ಇದೂ ಅರಬ್ಬಿಯಿಂದಲೇ ಬಂದದ್ದು. ಬಸ್ಸಿನಲ್ಲಿ ಪಿತ್ರೆಸ್‌ಗೆ ಹೋಗಿ ಅಲ್ಲಿಂದ ಮೆಸೀನಾ, ಫೊಂದಾಲೆಸ್, ಫೆರೇಯ್ರೋಲಾ ಎಂಬ ಪುಟ್ಟ ಊರುಗಳ ಮೂಲಕ ಇಳಿದು, ಅತಾಲ್ಬೇಯ್ತರ್ ದಾಟಿ ಮತ್ತೆ ಏರುವ ಸುತ್ತು. ನಿಂತು ನಿಂತು ನಡೆದರೂ ಐದು ಗಂಟೆ. ನಮಗೆ ಈ ದಾರಿಯೇ ಎಲ್ಲಕ್ಕಿಂತ ಹೆಚ್ಚು ಇಷ್ಟವಾಯಿತು. ಪ್ರವಾಸಿಗರು ಕಡಿಮೆ. ತಿನಾವೋ ಕೆಳಗೆ ಬೆಕ್ಕುಗಳು. ಅಂಜೂರದ ವಾಸನೆ. ಫೆರೇಯ್ರೋಲಾದ ಚೌಕದಲ್ಲಿ ಹಿಂದೆ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಕಲ್ಲಿನ ತೊಟ್ಟಿ ಇದೆ, ಈಗಲೂ ನೀರು ತುಂಬಿರುತ್ತದೆ.

ಊರಾಚೆ ಸ್ವಲ್ಪ ನಡೆದರೆ ಒಂದು ಊಟೆ. ಫುಯೆಂತೆ ಗಸೆಓಸಾ, ಅಂದರೆ ಸೋಡಾ ಊಟೆ. ನೆಲದಿಂದಲೇ ಗುಳ್ಳೆ ಗುಳ್ಳೆಯಾಗಿ ಬರುವ ನೀರು. ಕಬ್ಬಿಣದ ಅಂಶ ಇರುವುದರಿಂದ ಸುತ್ತಲ ಕಲ್ಲೆಲ್ಲ ಕಾವಿ ಬಣ್ಣ. ಬೊಗಸೆಯಲ್ಲಿ ಹಿಡಿದು ಕುಡಿದೆವು. ನಾಲಿಗೆ ಚುರುಗುಟ್ಟಿತು, ಹಳೆ ಬೀಗದ ಕೈ ಬಾಯಲ್ಲಿಟ್ಟ ರುಚಿ.

ಅಲ್ಲಿಂದ ಮುಂದೆ ಏರುವ ದಾರಿಯಲ್ಲಿ ಹೆಸರಿಲ್ಲದ ಇನ್ನೊಂದು ಊಟೆ ಸಿಕ್ಕಿತು. ವಾಲ್‌ನಟ್ ಮರದ ಬುಡದಲ್ಲಿ, ಒರಟು ಕಲ್ಲು ಕಟ್ಟಿದ ಮೊಣಕಾಲುದ್ದದ ಗುಂಡಿ. ತಳದ ಮರಳು ಕುದಿಯುವಂತೆ ಅಲುಗುತ್ತಿತ್ತು. ಗುಂಡಿ ತುಂಬಿ, ಬೆರಳಗಲದ ಸೀಳಿನಿಂದ ಹೊರಟು, ಕಾಲುವೆಯಾಗಿ ಕೆಳಗಿನ ಹುರುಳಿಕಾಯಿ ಹೊಲಕ್ಕೆ ಹೋಗುತ್ತಿತ್ತು. ಅಪ್ಪ ಮಂಡಿಯೂರಿ ಕೂತರು. ತೋಳಿನವರೆಗೆ ಕೈ ಇಳಿಸಿ ತಳದ ಮರಳು ಮುಟ್ಟಿದರು.

"ತಲಪರಿಗೆ," ಅಂದರು.

ನಾನು ಆ ಮಾತು ಕೇಳಿದ್ದೆ, ನೋಡಿರಲಿಲ್ಲ. ನಮ್ಮ ಮಧುಗಿರಿ, ಪಾವಗಡ, ಕೊರಟಗೆರೆ ಸೀಮೆಯಲ್ಲಿ ಕೆರೆಯಂಗಳದಲ್ಲೋ ಹಳ್ಳದ ಪಕ್ಕದಲ್ಲೋ ನೀರು ಜಿನುಗುವ ಕಡೆ ಗುಂಡಿ ತೋಡಿ ಕಲ್ಲು ಕಟ್ಟುತ್ತಿದ್ದರು. ಕೆರೆ ಬತ್ತಿದರೂ ಇಂಗಿದ ನೀರು ಅಲ್ಲಿ ಬರುತ್ತಿತ್ತು. ಅದೇ ತಲಪರಿಗೆ. ಅದರಿಂದ ಹೊಲಕ್ಕೆ ಸಣ್ಣ ಕಾಲುವೆ, ಸರದಿಯ ಮೇಲೆ ನೀರು, ವರ್ಷಕ್ಕೊಮ್ಮೆ ಊರವರೆಲ್ಲ ಸೇರಿ ಹೂಳು ತೆಗೆಯುವುದು. ಕೊಳವೆಬಾವಿ ಬಂದ ಮೇಲೆ ಹೂಳು ತೆಗೆಯುವವರಿಲ್ಲ. ನೀರು ಪಾತಾಳಕ್ಕೆ ಇಳಿಯಿತು. ತಾತ ತೂಬಿನ ಕೆಲಸ ಇಲ್ಲದ ಬೇಸಿಗೆಯಲ್ಲಿ ನೋಡಿಕೊಳ್ಳುತ್ತಿದ್ದದ್ದು ಊರ ಕೆರೆಯೊಳಗಿನ ತಲಪರಿಗೆಯನ್ನು. ಅಪ್ಪ ಅದರಲ್ಲೇ ಈಜು ಕಲಿತದ್ದಂತೆ. ಇಷ್ಟು ವರ್ಷ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಪಿತ್ರೆಸ್‌ನ ಚೌಕದಲ್ಲಿ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಅಪ್ಪ ನನ್ನ ಫೋನ್ ತೆಗೆದುಕೊಂಡು ಚಿಕ್ಕಪ್ಪನಿಗೆ ಕರೆ ಮಾಡಿದರು. ಅಲ್ಲಿ ರಾತ್ರಿ ಒಂಬತ್ತು ದಾಟಿತ್ತು.

"ಏನಣ್ಣ, ಹುಷಾರಾ? ಊಟ ಆಯ್ತಾ?"

"ಆಗುತ್ತೆ ಬಿಡು. ಕೆರೆಯೊಳಗಿನ ತಲಪರಿಗೆ ಬಾಯಿ ಇನ್ನೂ ಕಾಣುತ್ತೇನೋ?"

"ಅಯ್ಯೋ, ಅದಾ? ಹೂಳು ತುಂಬಿ ಮೇಲೆ ಜಾಲಿ ಬೆಳೆದೈತೆ. ಕಲ್ಲು ಒಂದೆರಡು ಕಾಣ್ತವೆ. ಯಾಕಣ್ಣ?"

"ಆ ಕಲ್ಲು ಯಾರೂ ಕೀಳದಂಗೆ ನೋಡ್ಕೋ. ಬರೋ ತಿಂಗಳು ಬರ್ತೀನಿ. ಅಪ್ಪನ ಸನಿಕೆ ಅಟ್ಟದ ಮೇಲಿರಬೇಕು, ಕಾವು ಹಾಕಿಸಿ ಇಡು."

ಬಸ್ ಬಂತು. ಅಪ್ಪ ತಾವೇ ಹೋಗಿ ಕಿಟಕಿ ಪಕ್ಕ ಕೂತರು.